ಮೊದಲ ಉಣ್ಣು ಎಂದವರು

ಹೋದ ಮಾಘದಲ್ಲಿ ಮಿರಜಿನ ದವಾಖಾನೆಯ ಪಡಸಾಲೆಯಲ್ಲಿ ಗುರುತಿಲ್ಲದ ಹೆಣ್ಣುಮಗಳೊಬ್ಬಳು ನನ್ನ ಮಗ್ಗುಲಿಗೆ ಬಂದು ಕುಳಿತಳು. ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದು, "ಮೊದಲ ಒಂದ್ ತುತ್ತ ಉಣ್ರಿ ಅಕ್ಕಾ" ಎಂದಳು. ಬೇಳೆಸಾರು ಕಲಸಿದ ಅನ್ನದ ವಾಸನೆ ಬಂತು. ನಾನು ಅವಳ ಮುಖ ನೋಡಲಿಲ್ಲ, ಕೈ ನೋಡಿದೆ. ಮುಚ್ಚಳವನ್ನು ಕೆಳಗಿಡದೆ ಮತ್ತೆ ಮತ್ತೆ ಒರೆಸುತ್ತಿದ್ದಳು. ಅವರು ಹೋಗಿಬಿಟ್ಟರು ಎಂದು ನನಗೆ ಆಗಲೇ ಗೊತ್ತಾಯಿತು. ನನ್ನ ಮಗಳು ಒಳಗೆ ಡಾಕ್ಟರ ಹತ್ತಿರ ನಿಂತಿದ್ದಳು. ಹೊರಗೆ ಬಂದು ಅವ್ವನಿಗೆ ಹೇಳುವುದರೊಳಗೆ ಅವ್ವನ ಹೊಟ್ಟೆಗೆ ಏನಾದರೂ ಬೀಳಲಿ ಎಂದು, ಪಕ್ಕದ ಕಾಟಿನ ರೋಗಿಯ ಮನೆಯ ಆ ಹೆಣ್ಣುಮಗಳನ್ನು ಮುಂದೆ ಕಳಿಸಿದ್ದಳು.

ನಮ್ಮ ಕಡೆ ಸಾವನ್ನು ಯಾರೂ ನೆಟ್ಟಗೆ ಹೇಳುವುದಿಲ್ಲ. ದೂರ ಇದ್ದವರಿಗೆ "ಸ್ವಲ್ಪ ಆರಾಮಿಲ್ಲ, ಬಂದು ಹೋಗ್ರಿ" ಎಂದು ಹೇಳಿ ಕಳಿಸುತ್ತಾರೆ. ಹತ್ತಿರ ಇದ್ದವರಿಗೆ ಮೊದಲು ಊಟಕ್ಕೆ ಬಡಿಸುತ್ತಾರೆ. ಸುದ್ದಿ ಕಿವಿಗೆ ಬಿದ್ದ ಮೇಲೆ ಮಣ್ಣಾಗುವವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ. ಅದಕ್ಕೇ ತಿಳಿದವರು ತಾಟು ಮುಂದಿಟ್ಟು, ಉಂಡು ಮುಗಿಸುವ ತನಕ ಮಳೆ ಬೆಳೆಯ ಮಾತಾಡುತ್ತ ಕೂರುತ್ತಾರೆ. ನನ್ನ ಅವ್ವ ಸತ್ತಾಗ ನಾನು ಸಣ್ಣವಳು. ನೆರೆಮನೆಯವರು ಕರೆದು ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ಕೊಟ್ಟರು. ಬೆಣ್ಣೆ ಸಿಕ್ಕಿತಲ್ಲ ಎಂದು ನಗುತ್ತ ತಿಂದೆ. ಕೈ ತೊಳೆದ ಮೇಲೆ ಹೇಳಿದರು. ಅಂದಿನಿಂದ ಸಂಬಂಧವಿಲ್ಲದವರು ಕರೆದು ಉಣ್ಣಲು ಇಟ್ಟರೆ ನನಗೆ ಮೊದಲು ಹೆದರಿಕೆಯಾಗುತ್ತದೆ, ಹಸಿವೆ ಆಮೇಲೆ.

ದವಾಖಾನೆಯ ಆ ಡಬ್ಬಿಯ ಮುಂದೆ ಕುಳಿತಾಗ ನನಗೆ ಒಂದು ಬೇಸಿಗೆ ನೆನಪಾಯಿತು. ಆ ಬೇಸಿಗೆಯಲ್ಲಿ ದಾರಿಯುದ್ದಕ್ಕೂ ಗುರುತಿಲ್ಲದವರು ನನಗೆ ಇದೇ ಮಾತು ಹೇಳಿದ್ದರು. ಆ ಸಲವೂ ನಾನು ಅವರು ಸತ್ತರು ಎಂದೇ ತಿಳಿದಿದ್ದೆ.

ಅವರು ಎಂದರೆ ನನ್ನ ಗಂಡ. ಮದುವೆಯ ದಿನ ಹೆಂಗಸರು ಬಿಡದೆ ಒಡಪು ಹೇಳಿಸಿದಾಗ ಒಮ್ಮೆ ಅವರ ಹೆಸರು ಹೇಳಿದ್ದೆ. ಮತ್ತೆ ಬಾಯಿಬಿಟ್ಟು ಹೇಳಿಲ್ಲ. ಈಗ ಬರೆಯುವುದಕ್ಕೂ ಕೈ ಏಳುವುದಿಲ್ಲ.

ನಮ್ಮದು ಅಲಖನೂರು. ಕುರಿಯ ಮನೆ. ದೀಪಾವಳಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ರಾಯಬಾಗ, ಚಿಕ್ಕೋಡಿ ದಾಟಿ ನಿಪ್ಪಾಣಿಯ ಕಡೆಗೆ ನಡೆಯುತ್ತಿದ್ದೆವು. ಅಲ್ಲಿಂದ ಬೋರಗಾಂವ, ಕೃಷ್ಣೆಯ ಆಚೆ ಕಾಗವಾಡ, ಅಥಣಿ. ಮಳೆ ಹಿಡಿಯುವ ಮೊದಲು ಮತ್ತೆ ಮನೆ. ಸುಗ್ಗಿಯಾದ ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಹಿಕ್ಕೆ, ಗಂಜಲದಿಂದ ಹೊಲಕ್ಕೆ ಗೊಬ್ಬರವಾಗುತ್ತದೆ. ಅದಕ್ಕೆ ರೈತರು ಕರೆದು ಕಾಳು ಕೊಡುತ್ತಿದ್ದರು. ನಡೆಯುವ ಈ ಸಂಸಾರಕ್ಕೆ ನಾನು ಹೊಸಬಳು. ಏಳನೆಯ ಇಯತ್ತೆಯವರೆಗೆ ಕಲಿತು, ನೆರಳಿನಲ್ಲಿ ಕುಳಿತು ಬೆಳೆದವಳು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಮದುವೆಯಾಗಿ ಅದು ಎರಡನೆಯ ವರ್ಷ. ಹಿಂಡಿನೊಂದಿಗೆ ನಾವು ಮೂವರು: ಮಾವ, ಅವರು, ನಾನು.

ನಡೆಯುವುದನ್ನು ಕಾಲು ತಾನೇ ಕಲಿಯಿತು. ಅನುಮಾನಪಡುವುದನ್ನು ಮಾವ ಕಲಿಸಿದ. ದಾರಿಯ ಮೇಲೆ ಎಲ್ಲರೂ ನಮ್ಮನ್ನು ಅನುಮಾನದಿಂದಲೇ ನೋಡುತ್ತಿದ್ದರು: ಕುರಿ ಬೆಳೆಗೆ ಬಿಟ್ಟರೇ, ಬಾವಿಯ ಹಗ್ಗ ಒಯ್ದರೇ. ನಾವೂ ಹಾಗೆಯೇ ನೋಡುತ್ತಿದ್ದೆವು. "ಬೈಕೊಂತ ಬಂದಾಂವಗ ಅಂಜಬ್ಯಾಡವಾ, ಅಂವಾ ಬೈದ ಹೋಗ್ತಾನ" ಎನ್ನುತ್ತಿದ್ದ ಮಾವ. "ನಕ್ಕೊಂತ ಯಾಂವರ ಬಂದ್ನಂದ್ರ ಮರಿ ಎಣಸು." ಒಮ್ಮೆ ಚಿಕ್ಕೋಡಿಯ ಹತ್ತಿರ ಒಬ್ಬ ನಗುತ್ತ ಬಂದು ಬೆಂಕಿಪೆಟ್ಟಿಗೆ ಕೇಳಿ, ಮಾವನ ಜೊತೆ ಬೀಡಿ ಸೇದಿ ಹೋದ. ಅವನ ಹಿಂದೆಯೇ ಒಂದು ಮರಿಯೂ ಹೋಗಿತ್ತು.

ಅಕ್ಕೋಳದ ಹತ್ತಿರ ತಂಬಾಕು ಕೊಯ್ದ ಹೊಲದಲ್ಲಿ ಅವರ ಕಾಲಿಗೆ ಪೆಟ್ಟಾಯಿತು. ತಂಬಾಕಿನ ದಂಟನ್ನು ಓರೆಯಾಗಿ ಕೊಯ್ದಿರುತ್ತಾರೆ; ಒಣಗಿದ ಮೇಲೆ ನೆಲದಲ್ಲಿ ಉಳಿದ ಬುಡ ಮೊಳೆಯಂತೆ ನಿಂತಿರುತ್ತದೆ. ಓಡಿಹೋಗುತ್ತಿದ್ದ ಮರಿಯನ್ನು ಹಿಡಿಯಲು ಹೋಗಿ ಅವರು ಅದರ ಮೇಲೆ ಕಾಲಿಟ್ಟರು. ಸವೆದ ಚಪ್ಪಲಿಯನ್ನು ತೂರಿ ಅಂಗಾಲಿಗೆ ಇಳಿಯಿತು. ಅರಿಷಿಣ ಒತ್ತಿ ಬಟ್ಟೆ ಕಟ್ಟಿದೆವು. "ಏನಾಗೇತಿ ಮಹಾ" ಎಂದು ಅವರು ಕೋಲು ಊರಿ ನಡೆದರು. ಬೋರಗಾಂವ ಮುಟ್ಟುವಷ್ಟರಲ್ಲಿ ಕಾಲು ಮೊಣಕಾಲವರೆಗೆ ಬಾತಿತ್ತು. ಅಂಗಾಲು ನೀಲಿಯಾಗಿತ್ತು. ಮೈ ಸುಡುತ್ತಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದರು.

ನಾವು ಕುರಿ ತರುಬಿದ್ದ ಹೊಲ ಅಲ್ಲಿಯ ಜೈನರ ಮನೆಯವರದು. ಹೊಲದ ಒಡತಿ ಚಂಪಕ್ಕ ಗಂಡನಿಲ್ಲದವಳು. ನನ್ನ ಅವ್ವ ಬದುಕಿದ್ದರೆ ಅಷ್ಟೇ ವಯಸ್ಸು. ಮಗ ಮನೆಯ ಹಿತ್ತಲಲ್ಲೇ ಪಾವರಲೂಮಿನ ಮಗ್ಗ ಹಾಕಿದ್ದ. ಅವಳು ನಮಗೆ ಮಜ್ಜಿಗೆ ತಂದವಳು ಕಂಬಳಿಯ ಮುಂದೆ ನಿಂತಳು.

"ಕಾಲ ತಗಿ, ನೋಡೂಣು" ಎಂದಳು. ನೋಡಿದಳು. "ಇದು ಅರಿಷಿಣಕ್ಕ ಹೋಗೂದಲ್ಲ. ನಮ್ಮ ಮನಿಗಿ ತರ್ರಿ. ಡಾಕ್ಟರ್ ಬರ್ತಾನ. ಕಾಲ ಊರೂ ತನಕಾ ಪಡಸಾಲ್ಯಾಗ ಬಿದ್ದಿರಲಿ."

ಮಾವ ಹಿಂದೆ ಸರಿದ. "ನಾವ ಕುರಬರ್ರಿ ಅವ್ವಾರ. ನಿಮ್ಮ ಮನಿಗಿ ಹೊಂದೂದಿಲ್ಲ."

"ನಾ ಏನ ಹೆಣ್ಣ ಕೊಡಾಕತ್ತೀನೇನ? ಪಡಸಾಲಿ ಕೊಡಾಕತ್ತೀನಿ" ಎಂದಳು ಚಂಪಕ್ಕ. "ಖರೆ, ನಮ್ಮ ಅಂಗಳದಾಗ ಜೀವ ತಗಿಯೂದು ಬ್ಯಾಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಒಳಗ ಬರೂದಿಲ್ಲ. ಊಟ ಹೊತ್ತ ಮುಳುಗೂದ್ರಾಗ. ಇಷ್ಟs."

ನನಗೆ ಕೂಡಲೇ ಅನುಮಾನ ಬಂತು. ನಮ್ಮಂಥವರ ನೆರಳು ಕಟ್ಟೆಯ ಮೇಲೆ ಬಿದ್ದರೆ ನೀರು ಚಿಮುಕಿಸುವ ಮನೆಗಳನ್ನು ಆ ದಾರಿಯಲ್ಲೇ ನೋಡಿದ್ದೆ. ಈಕೆ ಕರೆಯುತ್ತಿದ್ದಾಳೆ, ಯಾಕೆ? ವಾಸಿಯಾದ ಮೇಲೆ ಮಗ್ಗದ ಕೆಲಸಕ್ಕೆ ಹಚ್ಚಿಕೊಂಡು ಕಳಿಸದೇ ಹೋದರೆ? ಕಾಲು ಕೊಯ್ಯಿಸಿಬಿಟ್ಟರೆ? ನಾನೂ ಇರುತ್ತೇನೆ ಎಂದೆ. ಆದರೆ ಕುರಿಗಳು ಮರಿ ಹಾಕುವ ಕಾಲ ಅದು. ಮಾವನಿಗೆ ಹೊತ್ತು ಇಳಿದರೆ ಕಣ್ಣು ಕಾಣುತ್ತಿರಲಿಲ್ಲ. ಮುಂದಿನ ಹೊಲಗಳಿಗೆ ಮಾತು ಕೊಟ್ಟಾಗಿತ್ತು, ಇಲ್ಲಿ ಮೇವು ಮುಗಿದಿತ್ತು. ಅವರನ್ನು ಚಕ್ಕಡಿಗೆ ಎತ್ತಿ ಹಾಕುವಾಗ ಗಾಲಿಯ ಕಬ್ಬಿಣಕ್ಕೆ ತಾಗಿ ನನ್ನ ಎಡಗೈಯ ಬಳೆಗಳು ಒಡೆದವು. ಅದು ಒಳ್ಳೆಯ ಗುರುತಲ್ಲ ಎಂದು ನಾನೂ ಹೇಳಲಿಲ್ಲ, ಮಾವನೂ ಹೇಳಲಿಲ್ಲ. ಅವರು ಜ್ವರದ ಕಣ್ಣು ತೆರೆದು, "ಹೋಗ ನೀ. ಅಪ್ಪಗ ಸಂಜಿಮುಂದ ಕಾಣೂದಿಲ್ಲ" ಎಂದಷ್ಟೇ ಅಂದರು.

ದಾರಿ ಹಿಡಿದ ಮೇಲೆ ನನ್ನನ್ನು ನಗಿಸಲು ಮಾವ, "ನಾವ ತಿರಿಗಿ ಬರೂದ್ರಾಗ ನಿನ್ನ ಗಂಡನ್ನ ಶ್ರಾವಕನ್ನ ಮಾಡಿ ಇಟ್ಟಿರ್ತಾಳ ನೋಡವಾ. ಕುರಿ ಕಾಯೂದಲ್ಲ, ಕುರಿಗಿ ಕೈ ಮುಗೀತಾನ" ಎಂದ. ಹೇಳಿ ತಾನೇ ನಕ್ಕ. ನಕ್ಕು ಹಿಂದೆ ತಿರುಗಿ ಬೋರಗಾಂವದ ಕಡೆ ನೋಡಿದ.

ಸದಲಗೆಯ ಹತ್ತಿರ ಮೊದಲನೆಯವ ಬಂದ. ಹೊತ್ತು ಇಳಿದಿತ್ತು. ಸೈಕಲ್ಲಿನ ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿದವನು ಬದುವಿನ ಮೇಲೆ ಇಳಿದು, "ಅಲಖನೂರ ಕುರಿಯವರು ನೀವs ಏನ್ರಿ?" ಎಂದು ಕೇಳಿ ಬಟ್ಟೆಯ ಗಂಟು ಮುಂದೆ ಹಿಡಿದ. ರೊಟ್ಟಿ, ಶೇಂಗಾ ಹಿಂಡಿ. "ಚಂಪಕ್ಕಾರು ಕಳಿಸ್ಯಾರ. ನಿಮ್ಮ ಮನಿಯವರು ಚಲೋ ಅದಾರಂತ. ಮೊದಲ ಉಣ್ರಿ, ಹೊತ್ತ ಮುಳಗಾಕ ಬಂತು."

ಆ ಮಾತು ಕೇಳಿ ನನ್ನ ಕೈ ಗಂಟಿನ ಮೇಲೆ ಹಾಗೇ ನಿಂತಿತು. "ಅದಾರಂತ ಅಂದ್ರ? ನೀವ ಕಣ್ಣಲೆ ನೋಡೀರೇನ?"

"ನಾ ಎಲ್ಲಿ ನೋಡ್ಲೆವ್ವಾ? ಹಾಲಿನ ಮಂದಿ ಕೈಲೆ ಕೈಲೆ ಬಂದೈತಿ."

ಹೇಳಿ ಅವನು ಹೋಗಲಿಲ್ಲ. ಸೈಕಲ್ಲಿಗೆ ಒರಗಿ ನಿಂತ. ಕುರಿ ನೋಡಿದ, ಆಕಾಶ ನೋಡಿದ, ಈ ಸಲ ಕಬ್ಬು ಚೆನ್ನಾಗಿದೆ ಎಂದ. ನಾನು ಉಣ್ಣುವುದನ್ನು ಕಾಯುತ್ತಿದ್ದಾನೆ, ಉಂಡ ಮೇಲೆ ಹೇಳುತ್ತಾನೆ ಎಂದುಕೊಂಡು ನಾನು ರೊಟ್ಟಿ ಮುಟ್ಟಲೇ ಇಲ್ಲ. ಕೊನೆಗೆ ಅವನೇ, "ಅರಿವಿ ಬಿಚ್ಚಿ ಕೊಡ್ರಿ ಯವ್ವಾ, ತಿರಿಗಿ ಒಯ್ಯಬೇಕು" ಎಂದು ಬಟ್ಟೆ ಇಸಿದುಕೊಂಡು ಹೋದ. ರೊಟ್ಟಿಯನ್ನು ಮಾವ ತಿಂದ. ಬಟ್ಟೆಗಾಗಿ ನಿಂತಿದ್ದನೋ, ಹೇಳಲು ಬಾಯಿ ಬಾರದೆ ಬಟ್ಟೆಯ ನೆಪ ತೆಗೆದನೋ ಎಂದು ನಾನು ಯೋಚಿಸುತ್ತ ಉಳಿದೆ.

ಮುಂದೆ ಮಾಂಜರಿಯ ಸೇತುವೆ. ಕಬ್ಬಿನ ಟ್ರಕ್ಕುಗಳು ಸಾಲಾಗಿ ಬರುವ ಕಾಲ. ಬೇರೆ ವರ್ಷ ಹಾರ್ನು ಹೊಡೆದು, ಕುರಿ ಬೆದರಿಸಿ, ನಮ್ಮ ಅವ್ವ ಅಪ್ಪಂದಿರನ್ನೆಲ್ಲ ನೆನೆಯುತ್ತಿದ್ದರು ಎಂದು ಮಾವ ಹೇಳಿದ್ದ. ಈ ಸಲ ಒಬ್ಬ ಡ್ರೈವರ್ ತನ್ನ ಟ್ರಕ್ಕನ್ನು ಸೇತುವೆಗೆ ಅಡ್ಡ ನಿಲ್ಲಿಸಿ ಕೆಳಗೆ ಇಳಿದ. ಹಿಂದಿನವರು ಕೂಗಾಡಿದರೂ ಸರಿಯಲಿಲ್ಲ. "ಸಾವಕಾಶ್, ಬಾಯಿ, ಸಾವಕಾಶ್" ಎಂದು ಮರಾಠಿಯಲ್ಲಿ ಹೇಳುತ್ತ, ಹೊಸದಾಗಿ ಹುಟ್ಟಿ ಹಿಂದೆ ಬಿದ್ದಿದ್ದ ಮರಿಯನ್ನು ತಾನೇ ಎತ್ತಿ ಆಚೆ ದಾಟಿಸಿದ. ಟ್ರಕ್ಕಿನಿಂದ ಕಬ್ಬು ಎಳೆದು ನನ್ನ ಕೈಗೆ ಕೊಟ್ಟ. ಗಾಬರಿಯಲ್ಲಿ ನನಗೆ ಕೆಳಗಿನ ಕೃಷ್ಣೆಯ ನೀರೂ ಕಾಣಲಿಲ್ಲ. ಇವನಿಗೂ ಗೊತ್ತಿದೆ ಎನ್ನಿಸಿತು. ಬೋರಗಾಂವದಿಂದ ಈ ಸೇತುವೆಯವರೆಗೆ ಎಲ್ಲರಿಗೂ ಗೊತ್ತಿದೆ, ನನಗೊಬ್ಬಳಿಗೆ ಇಲ್ಲ. ಇಲ್ಲದಿದ್ದರೆ ಡ್ರೈವರ್ ಒಬ್ಬ ಕುರಿಗಾಗಿ ಟ್ರಕ್ಕು ನಿಲ್ಲಿಸುತ್ತಾನೆಯೇ? ಆಚೆ ದಡದಲ್ಲಿ ಮಾವನನ್ನು ಕೇಳಿದೆ.

"ಮಾವಾ, ನಿಮಗೇನರ ಸುದ್ದಿ ಐತೇನ್ರಿ?"

"ಏನ ಸುದ್ದಿ?"

"ಅಂವಾ ಮರಿ ಯಾಕ ಎತ್ತಿದ?"

"ಮರಿ ಚಂದ ಇತ್ತು, ಎತ್ತಿದ" ಎಂದ ಮಾವ. ಆದರೂ ಆವತ್ತು ಅವನು ಆ ಮರಿಯನ್ನು ಎರಡೆರಡು ಸಲ ತಿರುವಿ ನೋಡಿದ; ಅನುಮಾನ ಅವನನ್ನೂ ಬಿಟ್ಟಿರಲಿಲ್ಲ.

ಕಾಗವಾಡದ ಹತ್ತಿರ ಕಡಲೆ ಕಿತ್ತ ಹೊಲದಲ್ಲಿ ನಿಂತಿದ್ದಾಗ ಬಳೆಗಾರ್ತಿ ಬಂದಳು. ಜೈತುನಬಿ ಎಂದು ಹೆಸರು, ಮುದುಕಿ. ವಾರದ ಸಂತೆಗಳನ್ನು ಹಿಡಿದು ಬೋರಗಾಂವದ ತನಕ ತಿರುಗುವವಳು. ಬಳೆಯ ಮಲಾರ ಇಳಿಸಿ, ನನ್ನ ಬರಿಯ ಎಡಗೈ ಹಿಡಿದು, ಹಸಿರು ಬಳೆ ತೆಗೆದಳು.

"ನಾ ಬಳಿ ಕೇಳಿಲ್ಲ" ಎಂದೆ.

"ನೀ ಯಾಕ ಕೇಳ್ತಿ ಬೇಟಿ? ಬೋರಗಾಂವದಾಗ ಹೇಳಿ ಕಳಿಸ್ಯಾರ. ದುಡ್ಡ ಮುಟ್ಯಾವು. ಎರಡೂ ಕೈ ತುಂಬ ಇಡು ಅಂದಾರ. ಕೈ ಸಡ್ಲ ಬಿಡು."

ನಾನು ಕೈ ಎಳೆದುಕೊಂಡೆ. ಇದನ್ನು ಓದುವವರಲ್ಲಿ ಸಣ್ಣವರಿಗೆ ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಗಂಡ ಸತ್ತ ಹೆಣ್ಣಿಗೆ ಮೊದಲು ಅರಿಷಿಣ ಹಚ್ಚಿ, ಹಸಿರು ಬಳೆ ಕೈತುಂಬ ಇಡಿಸುತ್ತಾರೆ. ಆಮೇಲೆ ಒಡೆಯುತ್ತಾರೆ. ಒಂದು ಕೈ ಮಾತ್ರ ಬರಿದಾದವಳಿಗೆ ಎರಡೂ ಕೈ ತುಂಬ ಹಸಿರು ಬಳೆ ಯಾರೋ ಯಾಕೆ ಕಳಿಸುತ್ತಾರೆ? ರೊಟ್ಟಿ ಕಳಿಸಿದರು, ನಾನು ತಿನ್ನಲಿಲ್ಲ. ಈಗ ಬಳೆ.

"ನನ್ನ ಗಂಡನ್ನ ಕಣ್ಣಲೆ ನೋಡೀಯೇನಬೇ?"

"ನೋಡೀನಿ. ಪಡಸಾಲ್ಯಾಗ ಕುಂತಿತ್ತ ಹುಡುಗ."

"ಹೆಂಗ ಅದಾರ?"

"ಕರ್ರಗ, ತೆಳ್ಳಗ."

ಕುರಿ ಕಾಯುವವರಲ್ಲಿ ಕಪ್ಪಗೆ ತೆಳ್ಳಗೆ ಇಲ್ಲದವರು ಯಾರಿದ್ದಾರೆ? ಆಗ ನನಗೆ ಒಂದು ಉಪಾಯ ಹೊಳೆಯಿತು. ಹಿಂಡಿನಲ್ಲಿ ಕಿವಿ ಮುರಿದ ಒಂದು ಕುರಿ ಇತ್ತು. ಹಟಮಾರಿ, ಎಲ್ಲರಿಗಿಂತ ಮುಂದೆ ಹೋಗಬೇಕು ಅದಕ್ಕೆ. ಅದಕ್ಕೆ ಅವರು ನನ್ನ ಹೆಸರಿಟ್ಟಿದ್ದರು. ಮಾವ ದೂರ ಇದ್ದಾಗ ಮಾತ್ರ ಆ ಹೆಸರಿನಿಂದ ಅದನ್ನು ಕರೆದು ನನ್ನ ಕಡೆ ನೋಡಿ ನಗುತ್ತಿದ್ದರು. ಆ ಹೆಸರು ಅವರಿಗೆ ಮತ್ತು ನನಗೆ ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹೇಳಿದರೆ ಅವರು ಬದುಕಿದ್ದಾರೆ.

"ಬರೂ ಸಂತಿಗಿ ಅಲ್ಲಿ ಹೋಗ್ತೀಯಲ್ಲ, ಕಿವಿ ಮುರದ ಕುರಿ ಹೆಸರೇನು ಅಂತ ಕೇಳಿಕೊಂಡ ಬಾ. ಅವರ ಬಾಯಿಂದs ಕೇಳಬೇಕು. ಅದನ್ನ ಹೇಳಿದಿ ಅಂದ್ರ ಬಳಿ ಇಟಗೋತೀನಿ."

"ಅಲ್ಲಾ! ಬಳಿ ಇಡಾಕ ಬಂದ್ರ ಪರೀಕ್ಷಾ ಇಡ್ತಾಳ" ಎಂದು ಗೊಣಗಿ ಜೈತುನಬಿ ಮಲಾರ ಎತ್ತಿಕೊಂಡಳು. ಸ್ವಲ್ಪ ದೂರ ಹೋಗಿ ತಿರುಗಿ ಕೂಗಿದಳು, "ಕುರಿಗಿ ಹೆಸರ ಇಡ್ತಾರೇನಬೇ ನೀವು? ನಮ್ಮ ಮನ್ಯಾಗ ಮಕ್ಕಳಿಗಿ ಇಡಾಕs ಹೆಸರ ಸಾಲೂದಿಲ್ಲ."

ಮುಂದಿನ ಸಂತೆಯವರೆಗೆ ನಾನು ಹೇಗಿದ್ದೆನೋ ನನಗೇ ತಿಳಿಯದು. ಫಾಲ್ಗುಣದ ಬಿಸಿಲು ಏರುತ್ತಿತ್ತು. ದಿನಕ್ಕೊಂದು ಕುರಿ ಮರಿ ಹಾಕುತ್ತಿತ್ತು. ಮರಿಯ ಮೂತಿ ಒರೆಸುವುದು, ಮೊಲೆಗೆ ಹಚ್ಚುವುದು, ತಾಯಿ ಒದ್ದರೆ ಕಾಲು ಹಿಡಿದು ಕುಡಿಸುವುದು. ಕೈ ಕೆಲಸ ಮಾಡುತ್ತಿತ್ತು. ಆ ಹೊಲದ ಒಡೆಯನ ಹೆಂಡತಿ ಒಂದು ಸಂಜೆ ತಂಬಿಗೆ ತುಂಬ ಹಾಲು ತಂದಳು, ಕರೆಯದೆ, ಕೇಳದೆ. "ಕುಡಿ ತಂಗಿ, ಭಾಳ ಸೊರಗೀದಿ" ಎಂದಳು. ನಾನು ಅವಳ ಕೈಯನ್ನೇ ನೋಡಿದೆ. ಆಕೆ ಹೋದ ಮೇಲೆ ಹಾಲನ್ನು ತಾಯಿ ಒದೆಯುತ್ತಿದ್ದ ಮರಿಗೆ ಕುಡಿಸಿದೆ.

ಜೈತುನಬಿ ಬಂದಳು. ಬಂದವಳು ಮಲಾರ ಇಳಿಸದೆ ನಿಂತೇ ಹೇಳಿದಳು.

"ಕೇಳಿದ್ನೆವ್ವಾ. ಅದಕ್ಕೇನೂ ಹೆಸರಿಲ್ಲ ಅಂದ."

"ಏನು?"

"ಹೆಸರಿಲ್ಲ. ಎರಡ ಸಲ ಕೇಳಿದ್ನಿ. ಎರಡ ಸಲಾನೂ ಇಲ್ಲ ಅಂದ. ಚಂಪಕ್ಕಾರೂ ಅಲ್ಲೇ ನಿಂತಿದ್ರು."

ನನಗೆ ಇನ್ನು ಕೇಳುವುದು ಏನೂ ಉಳಿಯಲಿಲ್ಲ. ಪಡಸಾಲೆಯಲ್ಲಿ ಕುಳಿತವನು ಯಾರೋ ಬೇರೆಯವನು. ಬೇರೆಯವನನ್ನು ತೋರಿಸಿ ಮುದುಕಿಯನ್ನು ಕಳಿಸಿದ್ದಾರೆ. ಅಥವಾ ಯಾರೂ ಇಲ್ಲದೆ ಮುದುಕಿಗೆ ಮಾತು ಕಲಿಸಿದ್ದಾರೆ. ನಾನು ಕೆಲಸಕ್ಕೆಂದು ಮೇಲೆತ್ತಿ ಕಟ್ಟಿದ್ದ ಸೀರೆಯನ್ನೂ ಇಳಿಸದೆ ಹೊರಡಲು ಎದ್ದೆ. ಮಾವನಿಗೆ ಹೇಳಿದೆ. ಬೋರಗಾಂವಕ್ಕೆ ಹೋಗುತ್ತೇನೆ, ಬಸ್ಸಿಗೆ ಹೋಗುತ್ತೇನೆ, ಬೇಡ ಎನ್ನಬೇಡಿ.

ಮಾವ ಬೇಡ ಎನ್ನಲಿಲ್ಲ. ಮರಿಗಳ ಕಡೆ ನೋಡಿದ. ಆಮೇಲೆ ಬುಟ್ಟಿಯಿಂದ ರೊಟ್ಟಿ ತೆಗೆದು ಅಂಗೈ ಮೇಲೆ ಇಟ್ಟುಕೊಂಡು ನನ್ನ ಮುಂದೆ ಹಿಡಿದ.

"ಹೋಗು ಯವ್ವಾ. ಮೊದಲ ಉಂಡ ಹೋಗು."

ಮಾವನ ಬಾಯಲ್ಲೂ ಅದೇ ಮಾತು. ಆಗ ನಾನು ಅವನ ಮುಖ ಸರಿಯಾಗಿ ನೋಡಿದೆ. ಗಡ್ಡ ಬೆಳೆದಿತ್ತು, ಗಲ್ಲ ಒಳಗೆ ಹೋಗಿತ್ತು. ಅವನೂ ಅಷ್ಟು ದಿನದಿಂದ ನಾನು ಅಂದುಕೊಂಡದ್ದನ್ನೇ ಅಂದುಕೊಂಡು, ನನಗೆ ಗೊತ್ತಾಗದಂತೆ ಶ್ರಾವಕನ ಮಾತು, ಮರಿಯ ಮಾತು ಆಡುತ್ತಿದ್ದ. ರೊಟ್ಟಿ ಅವನ ಕೈಯಲ್ಲೇ ಬಿಟ್ಟು ನಡೆದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಹೆಂಗಸು ನನ್ನ ಮುಖ ನೋಡಿ ಸರಿದು ಜಾಗ ಕೊಟ್ಟಳು. ಚೀಲದಿಂದ ಬಾಳೆಹಣ್ಣು ತೆಗೆದಳು. ನಾನು ಅವಳು ಬಾಯಿ ತೆರೆಯುವ ಮೊದಲೇ, "ಬ್ಯಾಡ್ರಿ, ನನಗ ಗೊತ್ತೈತಿ" ಎಂದೆ. ಅವಳು ಏನೂ ತಿಳಿಯದೆ ಹಣ್ಣನ್ನು ತಾನೇ ಸುಲಿದು ತಿಂದಳು.

ಬೋರಗಾಂವದಲ್ಲಿ ಇಳಿದಾಗ ಸಂಜೆ ಬಿಸಿಲು ಹಳದಿಯಾಗಿತ್ತು. ಆ ಊರಿಗೆ ಹೋದವರಿಗೆ ಮೊದಲು ಕೇಳುವುದು ಮಗ್ಗದ ಸದ್ದು. ಕಿವಿಗೆ ಬೇರೆ ಏನೂ ಬೀಳದಷ್ಟು. ಆವತ್ತು ಸದ್ದೇ ಇರಲಿಲ್ಲ. ಓಣಿಯಲ್ಲಿ ಜನ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರು. ಸಾವಾದ ಓಣಿಯಲ್ಲಿ ಮಗ್ಗ ನಿಲ್ಲಿಸುತ್ತಾರೆ. ಚಂಪಕ್ಕನ ಮನೆಯ ಅಂಗಳಕ್ಕೆ ಓಡಿದೆ. ಪಡಸಾಲೆಯಲ್ಲಿ ಹಾಸಿಗೆ ಸುತ್ತಿ ಇಟ್ಟಿತ್ತು. ಯಾರೂ ಇರಲಿಲ್ಲ. ಚಂಪಕ್ಕ ಒಳಗಿನಿಂದ ಬಂದಳು, ನನ್ನನ್ನು ಕಂಡು ಗಾಬರಿಯಾದಳು, ಪಶ್ಚಿಮದ ಕಡೆ ಒಮ್ಮೆ ನೋಡಿ ಅವಸರದಿಂದ ಹೇಳಿದಳು.

"ಬಂದೇನ ತಂಗಿ! ಕೈಕಾಲ ತೊಳಿ. ಎಲ್ಲಾ ಆಮ್ಯಾಲ. ಮೊದಲ ಉಣ್ಣು."

ನಾನು ಅಂಗಳದಲ್ಲಿ ಕುಳಿತು, ಸೆರಗು ಮುಖಕ್ಕೆ ಹಾಕಿಕೊಂಡು, ನಮ್ಮಲ್ಲಿ ಸತ್ತವರನ್ನು ಹೇಗೆ ಹಾಡಿ ಅಳುತ್ತಾರೋ ಹಾಗೆ ಅಳತೊಡಗಿದೆ. ನನ್ನ ಮರಿ ಕಾಯುವ ದೊರೆಯೇ, ಕಂಬಳಿ ಬಿಟ್ಟು ಎಲ್ಲಿಗೆ ಹೋದೆ ಎಂದು. ಓಣಿಯವರು ಎದ್ದು ಬಂದರು. ಚಂಪಕ್ಕ, "ಯಾರಿಗೇನಾತs? ಹೇಳರ ಹೇಳs!" ಎಂದು ನನ್ನ ಹೆಗಲು ಹಿಡಿದು ಅಲುಗಿಸಿದಳು.

ಹಿತ್ತಲ ಕಡೆಯಿಂದ ಕುಂಟುತ್ತ ಯಾರೋ ಓಡಿ ಬಂದ ಸದ್ದಾಯಿತು.

"ಅಪ್ಪ ಹ್ವಾದ್ನೇನ?" ಎಂದು ಆ ಧ್ವನಿ ಕೇಳಿತು. "ಏ, ಹೇಳು! ಅಪ್ಪ ಹ್ವಾದ್ನೇನ?"

ಸೆರಗು ತೆಗೆದೆ. ಅವರು ನಿಂತಿದ್ದರು. ಕೈಯಲ್ಲಿ ನೂಲಿನ ಕಂಡಿಕೆ, ತಲೆಯ ತುಂಬ ಹತ್ತಿಯ ಧೂಳು, ಕಾಲಿಗೆ ಬಿಳಿ ಪಟ್ಟಿ. ಅವರ ಕಣ್ಣಲ್ಲಿ ಆಗಲೇ ನೀರು ಬಂದಿತ್ತು.

"ಮಾವ ಚಲೋ ಅದಾರ್ರಿ" ಎಂದೆ.

"ಮತ್ತ ಯಾರ ಸತ್ತಾರ?"

"ನೀವು."

ಓಣಿಯವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅಷ್ಟರಲ್ಲಿ ಕರೆಂಟು ಬಂದು ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಹೊಡೆದುಕೊಳ್ಳತೊಡಗಿದವು. ಕಟ್ಟೆಯ ಮೇಲೆ ಕುಳಿತಿದ್ದವರೆಲ್ಲ ಕೆಲಸಕ್ಕೆ ಎದ್ದು ಓಡಿದರು. ಚಂಪಕ್ಕ ಆ ಸದ್ದಿನಲ್ಲೇ ಕೂಗಿದಳು, "ಹೊತ್ತ ಮುಳಗಿ ಹೋಗ್ತೈತಿ, ಏಳs! ಮುಳಗಿದ ಮ್ಯಾಲ ನಮ್ಮ ಮನ್ಯಾಗ ನೀರೂ ಸಿಗೂದಿಲ್ಲ. ಗಂಡ ಇಲ್ಲೇ ಇರ್ತಾನ, ಓಡಿ ಹೋಗೂದಿಲ್ಲ. ಉಣ್ಣ ಮೊದಲ."

ಉಣ್ಣುತ್ತ ಅವರನ್ನು ಕೇಳಿದೆ. ಕುರಿಯ ಹೆಸರು ಯಾಕೆ ಹೇಳಲಿಲ್ಲ?

ಅವರು ಸುತ್ತಲೂ ನೋಡಿ ಧ್ವನಿ ಇಳಿಸಿದರು. "ತಲಿ ಐತೇನ ನಿನಗ? ಚಂಪಕ್ಕಾರು ಮುಂದ, ಬಳಿಗಾರ್ತಿ ಮುಂದ ನಿನ್ನ ಹೆಸರ ಹೆಂಗ ಹೇಳ್ಲಿ? ನಾಳಿಗಿ ಅಥಣಿ ತನಕಾ ಆಡಿಕೋತಿದ್ರು. ನನಗ ನಾಚಿಕಿ ಬಂತು."

ಬೇರೆ ಯಾರಿಗೂ ಗೊತ್ತಿರದ ಹೆಸರು ಎಂದು ನಾನು ಯೋಚಿಸಿದ್ದೆ. ಬೇರೆಯವರ ಮುಂದೆ ಹೇಳಲಾಗದ ಹೆಸರು ಎಂದು ಯೋಚಿಸಿರಲಿಲ್ಲ. ಅವರ ಹೆಸರನ್ನು ಯಾರಾದರೂ ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ: ಹೆಸರಿಲ್ಲ.

"ಬಳಿ ಎಲ್ಲಿ?" ಎಂದು ಅವರು ನನ್ನ ಕೈ ನೋಡಿದರು. ಚಕ್ಕಡಿಗೆ ತಾಗಿ ಒಡೆದದ್ದನ್ನು ಜ್ವರದಲ್ಲೂ ಕಂಡಿದ್ದರಂತೆ. ಕುಳಿತಲ್ಲೇ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಟ್ಟು, ಅದರಲ್ಲಿ ಬಂದ ದುಡ್ಡನ್ನು ಬಳೆಗಾರ್ತಿಗೆ ಕೊಟ್ಟು ಕಳಿಸಿದ್ದರು. ಹೆಂಡತಿಗೆ ಬಳೆ ಕಳಿಸಿದೆ ಎಂದು ಹೇಳುವುದಕ್ಕೂ ಅವರಿಗೆ ನಾಚಿಕೆ. ಯಾರು ಕೊಟ್ಟರೆಂದು ಹೇಳಬೇಡ ಎಂದು ಜೈತುನಬಿಯಿಂದ ಮಾತು ತೆಗೆದುಕೊಂಡಿದ್ದರು.

ಮರುದಿನ ಹೊರಡುವಾಗ ನಾನು ಚಂಪಕ್ಕನನ್ನು ಕೇಳಿಯೇ ಬಿಟ್ಟೆ. "ಅಕ್ಕಾರ, ನಮಗ ಯಾಕ ಇಷ್ಟ ಮಾಡಿದ್ರಿ?" ನನಗೆ ಆಗಲೂ ಒಂದು ಕಾರಣ ಬೇಕಿತ್ತು. ಅವಳಿಗೂ ಇಂಥದೇ ಮಗನೊಬ್ಬ ಹೋಗಿದ್ದ, ಹರಕೆ ಇತ್ತು, ಏನಾದರೂ. ಚಂಪಕ್ಕ ನೀರು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.

"ಕಾಲ ನೋಡಿದ್ನೆಲ್ಲs" ಎಂದಳು.

ನಾನು ಇನ್ನೂ ಸ್ವಲ್ಪ ಹೊತ್ತು ನಿಂತೆ. ಅವಳು ಸೋಸುವ ಬಟ್ಟೆ ಬಿಚ್ಚಿ ಇನ್ನೊಂದು ಕೊಡಕ್ಕೆ ಕಟ್ಟಿದಳು. ಅದರಷ್ಟಕ್ಕೇ ಅದು ಕಾರಣವಾಗುತ್ತದೆಯೇ ಎಂದು ನಾನು ಈಗಲೂ ಯೋಚಿಸುತ್ತೇನೆ. ಅವರು ಹೋದ ಮೇಲೆ ಹೆಚ್ಚು ಯೋಚಿಸುತ್ತೇನೆ. ಮಿರಜಿನ ಆ ಹೆಣ್ಣುಮಗಳ ಹೆಸರನ್ನು ನಾನು ಕೇಳಲಿಲ್ಲ. ಅವಳೂ ಏನೋ ನೋಡಿದ್ದಳು, ಬಂದು ಕುಳಿತಳು.

ಅಂದು ನಾವಿಬ್ಬರೂ ಬಸ್ಸಿಳಿದು ಕಾಗವಾಡದ ಹೊಲ ಸೇರಿದಾಗ ಮಧ್ಯಾಹ್ನವಾಗಿತ್ತು. ಮಾವ ದೂರದಿಂದ ಎರಡು ಆಕೃತಿ ಬರುವುದನ್ನು ಕಂಡು, ಹಣೆಗೆ ಕೈ ಹಚ್ಚಿ ನೋಡಿ, ನಡೆದು ಬರಲಿಲ್ಲ, ನಿಂತಲ್ಲೇ ಕುಳಿತುಬಿಟ್ಟ. ಮಗ ಹತ್ತಿರ ಬಂದ ಮೇಲೆ ಕಾಲಿನ ಪಟ್ಟಿ ಮುಟ್ಟಿ ನೋಡಿದ. "ಬಳ್ಳೊಳ್ಳಿ ವಾಸನಿ ಬಡಿಲಾರದ ಮುಖ ನೋಡಲೇ, ಎಷ್ಟ ಬೆಳ್ಳಗಾಗೇತಿ" ಎಂದ. ಅವರು, "ಅದೆಲ್ಲಾ ಇರ್ಲಿ, ಮೊದಲ ಒಂದ ಉಳ್ಳಾಗಡ್ಡಿ ಕೊಡ ಅಪ್ಪಾ, ಜೀವ ಹೋಗೇತಿ ಅದಕ್ಕ" ಎಂದರು. ಮಾವ ಗಡ್ಡೆಯನ್ನು ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದ. ಮೂವರೂ ಜಾಲಿಯ ನೆರಳಿನಲ್ಲಿ ರೊಟ್ಟಿ ಬಿಚ್ಚಿ ಕುಳಿತೆವು. ಕುರಿಗಳನ್ನು ಯಾರೂ ನೋಡಲಿಲ್ಲ.

ಹಿಂಡು ಪಕ್ಕದ ಹೊಲದ ಹಸಿ ಮೆಕ್ಕೆಜೋಳಕ್ಕೆ ನುಗ್ಗಿತ್ತು. ಅದರ ಒಡೆಯ ಕೋಲು ಬೀಸುತ್ತ ಓಡಿ ಬಂದ. "ಏ ಕುರಿ ಕಾಯೂ ಹಲ್ಕಟ್ಟುಗಳಿರಾ! ನಿಮ್ಮ ಕಣ್ಣಾಗ ಮಣ್ಣ ಬಿದ್ದೈತೇನ್ರಲೇ? ನಿಮ್ಮಪ್ಪನ ಹೊಲಾ ಅಂತ ತಿಳದೀರೇನ?" ಮಾವ ರೊಟ್ಟಿ ಬಾಯಲ್ಲಿಟ್ಟುಕೊಂಡೇ ಎದ್ದು ಓಡಿದ, ಅವರು ಕುಂಟುತ್ತ ಹಿಂದೆ ಓಡಿದರು. ಆ ಮನುಷ್ಯ ನನ್ನ ಮುಂದೆ ನಿಂತು ಅಲಖನೂರನ್ನೂ, ನಮ್ಮ ಮನೆತನವನ್ನೂ, ಇನ್ನೂ ಹುಟ್ಟದ ನನ್ನ ಮಕ್ಕಳನ್ನೂ ಬಿಡದೆ ಬೈದ. ನಾನು ಅವನ ಮುಖವನ್ನೇ ನೋಡುತ್ತ ಕುಳಿತೆ. ಎಷ್ಟೋ ದಿನಗಳ ಮೇಲೆ ಗುರುತಿಲ್ಲದವನೊಬ್ಬ ನನ್ನನ್ನು ಮನಸಾರೆ ಬೈಯುತ್ತಿದ್ದ. ನನ್ನಿಂದ ಮುಚ್ಚಿಡುವುದು ಅವನ ಹತ್ತಿರ ಏನೂ ಇರಲಿಲ್ಲ.

"ಕೇಳಾಕತ್ತೀಯೋ ಇಲ್ಲೋ?" ಎಂದು ಅವನು ಚೀರಿದ.

"ಕೇಳಾಕತ್ತೀನ್ರಿ ಅಣ್ಣಾ" ಎಂದೆ. ಉಳ್ಳಾಗಡ್ಡಿಯ ಚೂರು ಬಾಯಿಗೆ ಹಾಕಿಕೊಂಡು ಇನ್ನೊಂದು ರೊಟ್ಟಿ ಮುರಿದೆ.